ಕನ್ನಡಕ ತೆಗೆಸುವ ಲೇಸರ್ ಶಸ್ತ್ರಚಿಕಿತ್ಸೆ: ದಿನ ಗೊತ್ತುಮಾಡುವ ಮೊದಲು ತಿಳಿದಿರಬೇಕಾದದ್ದು

ಕಾಸರಗೋಡು, ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಲೇಸರ್ ಮಾಡಿಸಿ ಕನ್ನಡಕ ತೆಗೆಸುವ ಮಾತು ಹೆಚ್ಚಾಗಿ ಏಳುವುದು ಮಗಳ ಮದುವೆ ನಿಶ್ಚಯವಾದಾಗ, ಮಗ ಪೊಲೀಸ್ ಅಥವಾ ಸೇನೆಯ ಹುದ್ದೆಗೆ ಅರ್ಜಿ ಹಾಕಲು ಹೊರಟಾಗ, ಇಲ್ಲವೇ ಗಲ್ಫಿನಲ್ಲಿರುವವರು ರಜೆಯಲ್ಲಿ ಊರಿಗೆ ಬಂದಾಗ. ಇಂಥ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಯ ದಿನ ಮೊದಲೇ ಮನಸ್ಸಿನಲ್ಲಿ ಗಟ್ಟಿಯಾಗಿರುತ್ತದೆ, ಕಣ್ಣಿನ ಪರೀಕ್ಷೆ ಆಮೇಲೆ ನಡೆಯುತ್ತದೆ. ಆಗಬೇಕಾದದ್ದು ಇದಕ್ಕೆ ತಿರುಗಾದ ಕ್ರಮ. ಮೊದಲು ಕಣ್ಣಿನ ಅಳತೆಗಳು ಸಿಗಬೇಕು, ಆ ಅಳತೆಗಳನ್ನು ನೋಡಿ ಈ ಕಣ್ಣಿಗೆ ಲೇಸರ್ ಆಗುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗಬೇಕು, ದಿನದ ಮಾತು ಕೊನೆಗೆ ಬರಬೇಕು. ಇದು ತುರ್ತು ಚಿಕಿತ್ಸೆಯಲ್ಲ. ಆರು ತಿಂಗಳು ತಡವಾದರೆ ಕಣ್ಣಿಗೆ ಏನೂ ನಷ್ಟವಿಲ್ಲ. ಆದರೆ ಮಾಡಬಾರದ ಕಣ್ಣಿಗೆ ಅವಸರದಲ್ಲಿ ಮಾಡಿದರೆ ಹೋದ ಕಾರ್ನಿಯಾ ಮರಳಿ ಬರುವುದಿಲ್ಲ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರ ರೆಟಿನಾಕ್ಕೆ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರಕ್ಕೆ, ಕೊಡುವ ಲೇಸರ್, ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಮತ್ತೆ ಮಸುಕಾದಾಗ ಕೊಡುವ ಲೇಸರ್, ದೃಷ್ಟಿನರ ಕೆಡುವ ಗ್ಲಾಕೋಮಾ ಕಾಯಿಲೆಗೆ ಕೊಡುವ ಲೇಸರ್ ಇವೆಲ್ಲ ಬೇರೆಬೇರೆ ಚಿಕಿತ್ಸೆಗಳು ಮತ್ತು ಅಗತ್ಯವಾದಾಗ ಮುಂದೂಡಬಾರದಂಥವು. ಇಲ್ಲಿ ಹೇಳುತ್ತಿರುವುದು ಕಣ್ಣಿನ ಪವರ್ ತೆಗೆಯುವ ಲೇಸರ್ ಬಗ್ಗೆ ಮಾತ್ರ.

ಲೇಸರ್ ಕಣ್ಣಿನಲ್ಲಿ ಮಾಡುವುದೇನು

ಕಣ್ಣಿನ ಮುಂಭಾಗದಲ್ಲಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಸಮೀಪದೃಷ್ಟಿಯವರ, ಅಂದರೆ ಮೈನಸ್ ಪವರ್ ಇರುವವರ ಕಣ್ಣಿನಲ್ಲಿ ಬೆಳಕು ರೆಟಿನಾದ ಮೇಲೆ ಬೀಳುವ ಬದಲು ಅದಕ್ಕಿಂತ ಮುಂದೆಯೇ ಕೇಂದ್ರೀಕೃತವಾಗುತ್ತದೆ. ಕಾರ್ನಿಯಾದ ನಡುಭಾಗವನ್ನು ತುಸು ಚಪ್ಪಟೆ ಮಾಡಿದರೆ ಆ ಬಿಂದು ಹಿಂದಕ್ಕೆ ಸರಿದು ರೆಟಿನಾಕ್ಕೆ ತಲುಪುತ್ತದೆ. ಈ ಕೆಲಸಕ್ಕೆ ಬಳಸುವ ಎಕ್ಸೈಮರ್ ಲೇಸರ್ 193 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಕಿರಣ. ಅದು ಸುತ್ತಲಿನ ಭಾಗವನ್ನು ಸುಡದೆ, ತಗಲಿದ ಅತಿತೆಳು ಪದರವನ್ನಷ್ಟೇ ತೆಗೆಯಬಲ್ಲದೆಂಬುದನ್ನು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡವರಲ್ಲಿ ಭಾರತೀಯ ಮೂಲದ ರಂಗಸ್ವಾಮಿ ಶ್ರೀನಿವಾಸನ್ ಪ್ರಮುಖರು. ಅಲ್ಲಿಂದೀಚೆಗೆ ಯಂತ್ರಗಳು ಬಹಳ ಸುಧಾರಿಸಿವೆ. ಕಣ್ಣು ಸ್ವಲ್ಪ ಅಲುಗಿದರೂ ಕಿರಣ ಅದನ್ನು ಹಿಂಬಾಲಿಸುತ್ತದೆ. ಆದರೆ ಮೂಲತತ್ತ್ವ ಬದಲಾಗಿಲ್ಲ: ಪವರ್ ಇಳಿಸಬೇಕಾದರೆ ಕಾರ್ನಿಯಾದಿಂದ ಒಂದಿಷ್ಟು ಅಂಶವನ್ನು ಶಾಶ್ವತವಾಗಿ ತೆಗೆಯಲೇಬೇಕು. ಹಾಗಾದ್ದರಿಂದ ಮುಂದಿನ ಎಲ್ಲ ಪ್ರಶ್ನೆಗಳ ಕೇಂದ್ರದಲ್ಲಿರುವುದು ನಿಮ್ಮ ಕಾರ್ನಿಯಾದಲ್ಲಿ ಎಷ್ಟಿದೆ, ಎಷ್ಟು ತೆಗೆಯಬೇಕಾಗುತ್ತದೆ, ಎಷ್ಟು ಉಳಿಯುತ್ತದೆ ಎಂಬ ಲೆಕ್ಕ.

ಆ ಲೆಕ್ಕವನ್ನು ರೋಗಿಯೂ ಮಾಡಿ ನೋಡಬಹುದು. ಕಾರ್ನಿಯಾದ ನಡುಭಾಗದ ದಪ್ಪ ಸಾಮಾನ್ಯವಾಗಿ 540 ಮೈಕ್ರಾನಿನ ಆಸುಪಾಸು, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಹಲವರಲ್ಲಿ ಇದಕ್ಕಿಂತ ಕಡಿಮೆ ಇರುತ್ತದೆ. ಕಾರ್ನಿಯಾದ ಮೇಲ್ಪದರವನ್ನು ಎತ್ತಿ ಕೆಳಗೆ ಲೇಸರ್ ಕೊಡುವ ಲ್ಯಾಸಿಕ್ ಎಂಬ ವಿಧಾನದಲ್ಲಿ ಹಾಗೆ ಎತ್ತುವ ಪದರ, ಅಂದರೆ ಫ್ಲಾಪ್, ಸುಮಾರು 100ರಿಂದ 120 ಮೈಕ್ರಾನ್ ದಪ್ಪವಿರುತ್ತದೆ. ಅದರ ಕೆಳಗೆ ಪ್ರತಿ ಒಂದು ಡಯೋಪ್ಟರ್ (ಕನ್ನಡಕದ ಪವರಿನ ಅಳತೆಯ ಘಟಕ) ಪವರಿಗೆ ಅಂದಾಜು 15 ಮೈಕ್ರಾನ್ ತೆಗೆಯಬೇಕಾಗುತ್ತದೆ. ಚಿಕಿತ್ಸೆ ಕೊಡುವ ವೃತ್ತ ದೊಡ್ಡದಾದಷ್ಟೂ ಈ ಅಂಕಿ ಏರುತ್ತದೆ. 540 ಮೈಕ್ರಾನ್ ಇರುವ, ಮೈನಸ್ 4 ಪವರಿನ ಕಣ್ಣಿನಲ್ಲಿ ಫ್ಲಾಪಿಗೆ 110, ಲೇಸರಿಗೆ 60 ಹೋಗಿ 370 ಉಳಿಯುತ್ತದೆ. ಅದೇ 480 ಮೈಕ್ರಾನ್ ಇರುವ, ಮೈನಸ್ 8 ಪವರಿನ ಕಣ್ಣಿನಲ್ಲಿ 110 ಮತ್ತು 120 ಹೋಗಿ ಉಳಿಯುವುದು 250 ಮಾತ್ರ. 250 ಎಂಬುದು ಬಹುಕಾಲದಿಂದ ಕನಿಷ್ಠ ಮಿತಿಯೆಂದು ಹೇಳುತ್ತ ಬಂದಿರುವ ಸಂಖ್ಯೆ. ಎಚ್ಚರದ ವೈದ್ಯರು 300ಕ್ಕಿಂತ ಕೆಳಗಿಳಿಯಲು ಒಪ್ಪುವುದಿಲ್ಲ. ಒಟ್ಟು ದಪ್ಪದಲ್ಲಿ ಫ್ಲಾಪಿಗೂ ಲೇಸರಿಗೂ ಸೇರಿ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಭಾಗ ಹೋದರೆ ಅಪಾಯ ಏರುತ್ತದೆಂಬ ಲೆಕ್ಕವನ್ನೂ ನೋಡುತ್ತಾರೆ. ಮೇಲಿನ ಎರಡನೆಯ ಉದಾಹರಣೆಯಂಥ ಕಣ್ಣಿನವರು ಲ್ಯಾಸಿಕ್ ಕೈಬಿಡುವುದೇ ಒಳ್ಳೆಯದು. ಇರುವ ದಪ್ಪ, ತೆಗೆಯುವ ದಪ್ಪ, ಉಳಿಯುವ ದಪ್ಪ ಎಂಬ ನಿಮ್ಮ ಮೂರು ಅಂಕಿಗಳು ಯಾವುವು ಎಂದು ವೈದ್ಯರನ್ನು ಕೇಳಿ, ಬರೆದುಕೊಳ್ಳಿ. ಈ ಪ್ರಶ್ನೆಗೆ ಉತ್ತರಿಸಲು ಸಿದ್ಧರಿಲ್ಲದ ಕಡೆ ಶಸ್ತ್ರಚಿಕಿತ್ಸೆ ಮಾಡಿಸಬೇಡಿ.

ದಪ್ಪ ಸಾಕಷ್ಟಿದ್ದರೂ ಸಾಲದು. ಕಾರ್ನಿಯಾ ದುರ್ಬಲವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಎಂಬ ತೊಂದರೆಯಿದೆ. ಅದು ಆರಂಭದಲ್ಲಿ ಕನ್ನಡಕದ ಪವರ್ ಏರುತ್ತಿರುವಂತೆ, ಸಿಲಿಂಡರ್ (ಕಾರ್ನಿಯಾದ ವಕ್ರತೆ ಎಲ್ಲ ದಿಕ್ಕಿನಲ್ಲೂ ಒಂದೇ ಇಲ್ಲದಿದ್ದಾಗ ಬೇಕಾಗುವ ಪವರ್) ಹೆಚ್ಚುತ್ತಿರುವಂತೆ ಅಷ್ಟೇ ಕಾಣಬಹುದು. ಇಂಥ ಕಣ್ಣಿಗೆ ಲೇಸರ್ ಮಾಡಿದರೆ ಉಬ್ಬುವಿಕೆ ವೇಗ ಪಡೆದು ದೃಷ್ಟಿ ಕೆಡುತ್ತದೆ. ಕೊನೆಗೆ ಕಾರ್ನಿಯಾ ಕಸಿಯವರೆಗೂ ಹೋಗಬೇಕಾಗಬಹುದು. ಅಡಗಿರುವ ಕೆರಟೋಕೋನಸ್ ಪತ್ತೆಯಾಗುವುದು ಕಾರ್ನಿಯಾದ ಮುಂದಿನ ಮತ್ತು ಹಿಂದಿನ ಮೇಲ್ಮೈಗಳೆರಡರ ನಕ್ಷೆ ತೆಗೆಯುವ ಟೋಪೋಗ್ರಫಿ ಪರೀಕ್ಷೆಯಿಂದ. ಪೆಂಟಾಕ್ಯಾಮ್ ಇಂಥ ಒಂದು ಯಂತ್ರ. ಅಲರ್ಜಿಯಿಂದ ಕಣ್ಣು ತುರಿಸಿ, ಚಿಕ್ಕಂದಿನಿಂದ ಉಜ್ಜುವ ಅಭ್ಯಾಸವಿರುವವರು, ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇರುವವರು ಅದನ್ನು ಕೇಳದಿದ್ದರೂ ಹೇಳಬೇಕು. ಹೂ ಬಿಡುವ ಕಾಲದಲ್ಲಿ, ಅಡಿಕೆ ಸುಲಿಯುವ ದೂಳಿನಲ್ಲಿ ಕಣ್ಣು ಕೆಂಪಾಗಿ ತುರಿಸುವುದು ನಮ್ಮ ಕಡೆ ಅಷ್ಟು ಸಾಮಾನ್ಯವೆಂದರೆ ಹಲವರು ಅದನ್ನು ಕಾಯಿಲೆಯೆಂದೇ ಎಣಿಸುವುದಿಲ್ಲ, ವೈದ್ಯರ ಮುಂದೆ ಬಾಯಿ ಬಿಡುವುದೂ ಇಲ್ಲ.

ಪರೀಕ್ಷೆಗೆ ಹೋಗುವ ಮೊದಲು

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಪರೀಕ್ಷೆಗೆ ಮೊದಲೇ ಅದನ್ನು ನಿಲ್ಲಿಸಬೇಕು. ಲೆನ್ಸ್ ಕಾರ್ನಿಯಾದ ಆಕಾರವನ್ನು ತಾತ್ಕಾಲಿಕವಾಗಿ ಬದಲಿಸುವುದರಿಂದ, ಅದನ್ನು ತೆಗೆದ ಮರುದಿನವೇ ಅಳೆದರೆ ಸಿಗುವುದು ಸುಳ್ಳು ಅಳತೆ. ಮೆತ್ತನೆಯ ಲೆನ್ಸ್ ಆದರೆ 2 ವಾರ, ಸಿಲಿಂಡರ್ ಪವರಿನ ಲೆನ್ಸ್ ಮತ್ತು ಗ್ಯಾಸ್ ಪರ್ಮಿಯಬಲ್ ಲೆನ್ಸ್ ಆದರೆ 3 ವಾರ, ಹಳೆಯ ಗಟ್ಟಿ ಲೆನ್ಸ್ ಆದರೆ 4 ವಾರ ಬಿಡಬೇಕೆಂಬುದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸಲಹೆ. ಮದುವೆಗೆ ತಿಂಗಳಿರುವಾಗ ಆರಂಭಿಸಿದವರಿಗೆ ಈ ಒಂದೇ ಕಾರಣಕ್ಕೆ ಸಮಯ ಸಾಲದೆ ಹೋಗುತ್ತದೆ.

ಹಳೆಯ ಕನ್ನಡಕದ ಚೀಟಿಗಳನ್ನು ಹುಡುಕಿ ತೆಗೆದುಕೊಂಡು ಹೋಗಿ. ವಯಸ್ಸು 18 ತುಂಬಿರಬೇಕು. ಅದಕ್ಕಿಂತ ಮುಖ್ಯವಾಗಿ ಕಳೆದ ಒಂದು ವರ್ಷದಲ್ಲಿ ಪವರ್ ಅರ್ಧ ಡಯೋಪ್ಟರಿಗಿಂತ ಹೆಚ್ಚು ಬದಲಾಗಿರಬಾರದು. ಕಾಲೇಜಿನಲ್ಲಿ ಓದುತ್ತಿರುವವರಿಗೆ 20–21ರ ವಯಸ್ಸಿನಲ್ಲೂ ಪವರ್ ಏರುತ್ತಿರುವುದುಂಟು. ಹಾಗಿದ್ದಾಗ ಲೇಸರ್ ಮಾಡಿಸಿದರೆ ಒಂದೆರಡು ವರ್ಷದಲ್ಲಿ ಮತ್ತೆ ಕನ್ನಡಕ ಬರುತ್ತದೆ.

ಗರ್ಭಿಣಿಯರು ಮತ್ತು ಎದೆಹಾಲುಣಿಸುವವರು ಕಾಯಬೇಕು, ಏಕೆಂದರೆ ಆ ಅವಧಿಯಲ್ಲಿ ಪವರ್ ಏರಿಳಿಯುತ್ತದೆ, ಕಣ್ಣು ಒಣಗುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಆಮವಾತ, ಲೂಪಸ್‌ನಂಥ ಕಾಯಿಲೆಗಳು, ಹಿಂದೆ ಕಣ್ಣಿಗೆ ಹರ್ಪಿಸ್ ಸೋಂಕು ಆಗಿದ್ದುದು, ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವುದು ಇವನ್ನೆಲ್ಲ ಮುಚ್ಚಿಡದೆ ಹೇಳಬೇಕು. ಮದುವೆಗೆ ಮುನ್ನ ಮೊಡವೆಯ ಚಿಕಿತ್ಸೆ ಮತ್ತು ಕಣ್ಣಿನ ಲೇಸರ್ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವವರು ಈ ಕೊನೆಯ ಮಾತನ್ನು ಗಮನಿಸಬೇಕು.

ಪರೀಕ್ಷೆಯ ದಿನ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ರೆಟಿನಾ ನೋಡಲೇಬೇಕು. ಆಮೇಲೆ ಹಲವು ಗಂಟೆ ಹತ್ತಿರದ್ದು ಮಂಜಾಗಿರುತ್ತದೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಬದಿಯಡ್ಕದಿಂದಲೋ ಮುಳ್ಳೇರಿಯದಿಂದಲೋ ಬೈಕಿನಲ್ಲಿ ಮಂಗಳೂರಿಗೆ ಹೋಗಿ ಹಾಗೆಯೇ ಹಿಂದಿರುಗುವ ಯೋಚನೆ ಬೇಡ. ಜತೆಗೆ ಒಬ್ಬರಿರಲಿ, ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ. ಮೈನಸ್ ಪವರಿನ ಕಣ್ಣು ಸಾಮಾನ್ಯವಾಗಿ ಹಿಂದುಮುಂದಾಗಿ ಉದ್ದವಾಗಿರುವುದರಿಂದ ರೆಟಿನಾದ ಅಂಚು ತೆಳುವಾಗಿ ಹರಿಯುವ ಸಂಭವ ಹೆಚ್ಚು. ಲೇಸರ್ ಆದ ಮೇಲೂ ಕಣ್ಣು ಉದ್ದವಾಗಿಯೇ ಉಳಿಯುತ್ತದೆ. ಕನ್ನಡಕ ಹೋಯಿತೆಂದು ಈ ಅಪಾಯ ಹೋಗುವುದಿಲ್ಲ, ಆದ್ದರಿಂದ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮುಂದುವರಿಯಬೇಕು.

ಯಾವ ವಿಧಾನ

ಲ್ಯಾಸಿಕ್‌ನಲ್ಲಿ ಫ್ಲಾಪ್ ಎತ್ತಿ, ಕೆಳಗೆ ಲೇಸರ್ ಕೊಟ್ಟು, ಮರಳಿ ಮುಚ್ಚುತ್ತಾರೆ. ಮರುದಿನವೇ ಚೆನ್ನಾಗಿ ಕಾಣಿಸುತ್ತದೆ, ನೋವು ಕಡಿಮೆ. ಆದರೆ ಆ ಫ್ಲಾಪ್ ಮೊದಲಿನ ಬಲಕ್ಕೆ ಎಂದೂ ಕೂಡಿಕೊಳ್ಳುವುದಿಲ್ಲ. ವರ್ಷಗಳ ನಂತರವೂ ಬಲವಾದ ಏಟು ಬಿದ್ದರೆ ಸರಿಯಬಹುದು. ಪಿಆರ್‌ಕೆ ಎಂಬ ಹಳೆಯ ವಿಧಾನದಲ್ಲಿ ಫ್ಲಾಪ್ ಇಲ್ಲ. ಮೇಲಿನ ತೆಳು ಪೊರೆಯನ್ನಷ್ಟೇ ತೆಗೆದು ಲೇಸರ್ ಕೊಡುತ್ತಾರೆ. ಮೊದಲ ಮೂರು–ನಾಲ್ಕು ದಿನ ನೋವು, ನೀರು ಸುರಿಯುವಿಕೆ ಹೆಚ್ಚು, ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಸ್ಮೈಲ್ ವಿಧಾನದಲ್ಲಿ ಫೆಮ್ಟೋಸೆಕೆಂಡ್ ಲೇಸರ್ ಕಾರ್ನಿಯಾದ ಒಳಗೆ ಮಸೂರದಾಕಾರದ ತೆಳು ಬಿಲ್ಲೆಯೊಂದನ್ನು ಬೇರ್ಪಡಿಸುತ್ತದೆ, ಅದನ್ನು 2ರಿಂದ 4 ಮಿಲಿಮೀಟರಿನ ಚಿಕ್ಕ ಸೀಳಿನಿಂದ ಹೊರತೆಗೆಯುತ್ತಾರೆ. ಇದು ಮುಖ್ಯವಾಗಿ ಮೈನಸ್ ಪವರ್ ಮತ್ತು ಸಿಲಿಂಡರಿಗೆ. ಕಾರ್ನಿಯಾ ತೆಳುವಾಗಿದ್ದು ಪವರ್ ತುಂಬ ಹೆಚ್ಚಿದ್ದರೆ, ಕಾರ್ನಿಯಾವನ್ನು ಕೊರೆಯದೆ ಕಣ್ಣಿನ ಒಳಗೆ ಲೆನ್ಸ್ ಇಡುವ ಐಸಿಎಲ್ ಎಂಬ ದಾರಿಯಿದೆ; ಅದಕ್ಕೆ ಅದರದೇ ಅಪಾಯಗಳಿವೆ.

ಯಾವುದು ಹೊಸದು, ಯಾವುದು ದುಬಾರಿ ಎಂಬುದರ ಮೇಲೆ ಆಯ್ಕೆ ನಡೆಯಬಾರದು. ಕಬಡ್ಡಿ ಆಡುವ ಹುಡುಗನಿಗೆ, ಅಡಿಕೆ ತೋಟದಲ್ಲಿ ದಿನವಿಡೀ ಸೋಗೆಗಳ ನಡುವೆ ಕೆಲಸ ಮಾಡುವವರಿಗೆ ಫ್ಲಾಪ್ ಇಲ್ಲದ ವಿಧಾನ ಕ್ಷೇಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾಲ್ಕು ದಿನದ ನೋವಿಗೆ ಹೆದರಿ ಜೀವನವಿಡೀ ಇರುವ ಫ್ಲಾಪನ್ನು ಆರಿಸಬೇಕಾಗಿಲ್ಲ. ನಿಮ್ಮ ಕೆಲಸ, ಆಟ, ಹವ್ಯಾಸ ಏನೆಂದು ವೈದ್ಯರಿಗೆ ತಿಳಿಸಿದರೆ ಮಾತ್ರ ಅವರು ಈ ದಿಕ್ಕಿನಲ್ಲಿ ಯೋಚಿಸಬಲ್ಲರು.

ಆಮೇಲೆ ಉಳಿಯಬಹುದಾದ ತೊಂದರೆಗಳು

ಅತಿ ಸಾಮಾನ್ಯವಾದದ್ದು ಒಣಕಣ್ಣು. ಕಾರ್ನಿಯಾದ ನರತಂತುಗಳು ತುಂಡಾಗುವುದರಿಂದ ಕಣ್ಣೀರು ಬೇಕೆಂಬ ಸೂಚನೆ ಸರಿಯಾಗಿ ಹೋಗುವುದಿಲ್ಲ. ಹೆಚ್ಚಿನವರಲ್ಲಿ ಇದು ಆರರಿಂದ ಹನ್ನೆರಡು ತಿಂಗಳಲ್ಲಿ ಇಳಿಯುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ಎರಡನೆಯದು ರಾತ್ರಿ ದೀಪಗಳ ಸುತ್ತ ಬಳೆಯಂಥ ಪ್ರಭೆ, ಕಿರಣ ಚೆಲ್ಲಿದಂತೆ ಕಾಣುವುದು. ಎಫ್‌ಡಿಎ ಪಾಲ್ಗೊಂಡು ನಡೆಸಿ 2017ರಲ್ಲಿ ಪ್ರಕಟವಾದ ಪ್ರೌಲ್ ಅಧ್ಯಯನದಲ್ಲಿ, ಲ್ಯಾಸಿಕ್‌ಗೆ ಮುನ್ನ ಇಂಥ ಯಾವ ದೃಷ್ಟಿಲಕ್ಷಣವೂ ಇಲ್ಲದಿದ್ದವರಲ್ಲಿ ಶೇ. 46ರವರೆಗೆ ಜನರು ಮೂರು ತಿಂಗಳ ನಂತರ ಕನಿಷ್ಠ ಒಂದು ಲಕ್ಷಣವನ್ನು ಹೇಳಿದ್ದಾರೆ. ಒಣಕಣ್ಣಿನ ಲಕ್ಷಣ ಮೊದಲಿಲ್ಲದವರಲ್ಲಿ ಶೇ. 28ರವರೆಗೆ ಜನರಿಗೆ ಅದು ಹೊಸದಾಗಿ ಬಂದಿತ್ತು. ಅದೇ ಅಧ್ಯಯನದಲ್ಲಿ, ದೃಷ್ಟಿಲಕ್ಷಣಗಳಿಂದ ದಿನನಿತ್ಯದ ಕೆಲಸಕ್ಕೆ ತೀವ್ರ ತೊಂದರೆಯಾದವರು ಶೇ. 1ಕ್ಕಿಂತ ಕಡಿಮೆ. ಈ ಅಂಕಿಗಳನ್ನೆಲ್ಲ ಒಟ್ಟಿಗೆ ಓದಬೇಕು. ಏನೂ ಆಗುವುದಿಲ್ಲವೆಂದು ಹೇಳುವವರೂ, ಕಣ್ಣೇ ಹೋಗುತ್ತದೆಂದು ಹೆದರಿಸುವವರೂ ಒಂದು ಅಂಕಿಯನ್ನಷ್ಟೇ ಓದಿದವರು. ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಲಾರಿ, ಟ್ಯಾಕ್ಸಿ ಓಡಿಸುವವರು, ಮಂದ ಬೆಳಕಿನಲ್ಲಿ ಪಾಪೆ ತುಂಬ ಹಿಗ್ಗುವವರು ಈ ಪ್ರಭೆಯ ವಿಷಯವನ್ನು ವಿಶೇಷವಾಗಿ ವಿಚಾರಿಸಬೇಕು. ಈಗಾಗಲೇ ಕಣ್ಣು ಉರಿಯುವ, ಒಣಗುವ ತೊಂದರೆಯಿದ್ದರೆ ಅದಕ್ಕೆ ಮೊದಲು ಚಿಕಿತ್ಸೆಯಾಗಬೇಕು.

ನಲವತ್ತು ದಾಟಿದವರಿಗೆ ಚಾಳೀಸಿನ ವಿಷಯವೊಂದಿದೆ. ದೂರದ ಪವರನ್ನು ಲೇಸರಿನಿಂದ ತೆಗೆಸಿದರೆ ಓದಲು ಕನ್ನಡಕ ಬೇಕಾಗುತ್ತದೆ. ಮೈನಸ್ 2 ಪವರಿನವರು ಈಗ ಕನ್ನಡಕ ತೆಗೆದು ಪತ್ರಿಕೆ ಓದುತ್ತಿದ್ದಾರಾದರೆ, ಲೇಸರ್ ಆದ ಮೇಲೆ ಆ ಸೌಕರ್ಯ ಹೋಗುತ್ತದೆ. ಇದನ್ನು ಮುಂಚೆ ತಿಳಿಯದೆ ಆಮೇಲೆ ಬೇಸರಪಡುವವರು ಬಹಳ.

ನಮ್ಮ ಊರಿನ ಕಾಲ, ಕೆಲಸ, ರಜೆ

ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಕಣ್ಣಿಗೆ ನೀರು ಹೋಗಬಾರದು. ಕೆರೆ, ಹೊಳೆ, ಈಜುಕೊಳಗಳಿಂದ ಕನಿಷ್ಠ ಎರಡು ವಾರ, ಸಾಧ್ಯವಾದರೆ ಒಂದು ತಿಂಗಳು ದೂರವಿರಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಹೊಯ್ಯುವ ನಾಡಿನಲ್ಲಿ ಬೈಕಿನಲ್ಲಿ ಓಡಾಡುವವರಿಗೆ ಇದನ್ನು ಪಾಲಿಸುವುದು ಕಷ್ಟ. ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಕೆಲಸವೂ ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು–ನಲವತ್ತೈದು ದಿನ ಕಳೆದು ಮತ್ತೊಮ್ಮೆ ಬರುತ್ತದೆ. ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣದ ಹನಿ ಹಸಿಗಾಯದ ಕಣ್ಣಿಗೆ ಬೀಳಬಾರದು. ಆದ್ದರಿಂದ ಕೃಷಿಕರಿಗೆ ಮಳೆ ಬಿಟ್ಟ ಮೇಲೆ, ಅಡಿಕೆ ಸುಲಿತ ಆರಂಭವಾಗುವ ಮೊದಲಿನ ಬಿಡುವು ಹೊಂದುತ್ತದೆ. ಯಕ್ಷಗಾನದಲ್ಲಿ ವೇಷ ಹಾಕುವವರು ತಿರುಗಾಟವಿಲ್ಲದ ಕಾಲವನ್ನು ಆರಿಸಬೇಕು, ಏಕೆಂದರೆ ಕಣ್ಣಿನ ಸುತ್ತ ಬಣ್ಣ ಹಚ್ಚುವುದೂ ಅದನ್ನು ಉಜ್ಜಿ ತೆಗೆಯುವುದೂ ಕೆಲವು ವಾರ ನಿಷಿದ್ಧ. ಮದುಮಗಳ ಕಾಡಿಗೆಗೂ ಇದೇ ನಿಯಮ. ಮದುವೆಗೆ ಮೂರು ತಿಂಗಳಾದರೂ ಇರುವಾಗ ಮಾಡಿಸಿಕೊಳ್ಳಲಾಗದಿದ್ದರೆ ಮದುವೆಯ ನಂತರಕ್ಕೆ ಬಿಡುವುದು ಲೇಸು.

ಗಲ್ಫಿನಿಂದ ಬಂದವರ ವಿಷಯ ಇನ್ನೂ ಸೂಕ್ಷ್ಮ. ಮರುಪರೀಕ್ಷೆಗಳು ಮರುದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೆ ಎಂದು ಸಾಗುತ್ತವೆ. ಮೂವತ್ತು ದಿನದ ರಜೆಯಲ್ಲಿ ಮೊದಲ ಎರಡು ವಾರ ನೆಂಟರಿಷ್ಟರ ಮನೆಗೆ ಕಳೆದು ಮೂರನೆಯ ವಾರ ಆಸ್ಪತ್ರೆಗೆ ಹೋದರೆ, ಕಣ್ಣು ಅತ್ಯಂತ ಒಣಗಿರುವ ಹೊತ್ತಿಗೆ ಹವಾನಿಯಂತ್ರಿತ ಕೋಣೆಗೂ ಮರಳುಗಾಳಿಗೂ ಹಿಂದಿರುಗಬೇಕಾಗುತ್ತದೆ. ಒಂದು ರಜೆಯಲ್ಲಿ ಪರೀಕ್ಷೆ, ಮುಂದಿನ ರಜೆಯ ಮೊದಲ ದಿನಗಳಲ್ಲಿ ಶಸ್ತ್ರಚಿಕಿತ್ಸೆ ಎಂದು ಹಂಚಿಕೊಳ್ಳುವುದು ಉತ್ತಮ. ಹಿಂದಿರುಗಿದ ಮೇಲೆ ಗಲ್ಫಿನಲ್ಲಿ ಯಾವ ವೈದ್ಯರನ್ನು ಕಾಣುವುದೆಂಬುದೂ ಮೊದಲೇ ಗೊತ್ತಾಗಿರಲಿ.

ಹುದ್ದೆಗಾಗಿ ಮಾಡಿಸುವವರು ಮೊದಲು ಅಧಿಸೂಚನೆಯ ವೈದ್ಯಕೀಯ ಭಾಗವನ್ನು ಓದಬೇಕು. ಸೇನೆಯ ಹಲವು ಪ್ರವೇಶಗಳಲ್ಲಿ ಯಾವ ವಯಸ್ಸಿನ ನಂತರ ಮಾಡಿಸಿರಬೇಕು, ಎಷ್ಟು ಕಾಲ ಕಳೆದಿರಬೇಕು, ಎಷ್ಟು ದಪ್ಪ ಉಳಿದಿರಬೇಕು ಎಂಬ ಷರತ್ತುಗಳಿರುತ್ತವೆ, ಮತ್ತು ಅವು ವಿಭಾಗದಿಂದ ವಿಭಾಗಕ್ಕೆ ಬೇರೆ. ಓದದೆ ಮಾಡಿಸಿದರೆ ಆ ಲೇಸರೇ ಅನರ್ಹತೆಯ ಕಾರಣವಾಗಬಹುದು.

ಒಪ್ಪಿಗೆ ಪತ್ರ ಮತ್ತು ಹಣ

ಕನ್ನಡ ಮಾಧ್ಯಮದಲ್ಲಿ ಓದಿದ ಕಾಸರಗೋಡಿನವರ ಕೈಗೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವ ಒಪ್ಪಿಗೆ ಪತ್ರ ಬಂದಾಗ, ಕೇಳಲು ಸಂಕೋಚಪಟ್ಟು ಸಹಿ ಹಾಕಿಬಿಡುವುದುಂಟು. ಹಾಗೆ ಮಾಡಬೇಡಿ. ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯ, ಬೇರೆ ದಾರಿಗಳು ಇವನ್ನು ತಿಳಿಸಿ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆಯೆಂದು ಸರ್ವೋಚ್ಚ ನ್ಯಾಯಾಲಯ 2008ರ ತೀರ್ಪಿನಲ್ಲಿ ಹೇಳಿದೆ. ಪತ್ರವನ್ನು ಒಂದು ದಿನ ಮೊದಲೇ ಕೇಳಿ ಪಡೆದು ಮನೆಗೆ ತನ್ನಿ, ಭಾಷೆ ಬಲ್ಲವರಿಂದ ಓದಿಸಿ, ಅರ್ಥವಾಗದ ಸಾಲುಗಳನ್ನು ಗುರುತಿಸಿ. ವೈದ್ಯರು ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ವಿವರಿಸಿದರೆ ಮಾತ್ರ ಸಹಿ ಹಾಕಿ. ಶಸ್ತ್ರಚಿಕಿತ್ಸೆಯನ್ನು ಮಾಡುವವರು ಯಾರು, ಪರೀಕ್ಷಿಸಿದ ವೈದ್ಯರೇ ಮಾಡುತ್ತಾರೆಯೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

ಆರೋಗ್ಯ ವಿಮೆ ಸಾಮಾನ್ಯವಾಗಿ 7.5 ಡಯೋಪ್ಟರಿಗಿಂತ ಕಡಿಮೆ ಪವರಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಹೇಳಿದ ದರ ಒಂದು ಕಣ್ಣಿಗೋ ಎರಡಕ್ಕೋ, ಪರೀಕ್ಷೆ, ಔಷಧ, ಮರುಭೇಟಿ ಸೇರಿದೆಯೇ, ಪವರ್ ಸ್ವಲ್ಪ ಉಳಿದರೆ ಎರಡನೆಯ ಬಾರಿಯ ಲೇಸರಿಗೆ ಬೇರೆ ಹಣವೇ ಎಂದು ಬರಹದಲ್ಲಿ ಪಡೆಯಿರಿ. ಈ ವಾರದೊಳಗೆ ಬಂದರೆ ರಿಯಾಯಿತಿ ಎಂಬ ಮಾತಿಗೆ ಮನಸೋಲಬೇಡಿ.

ಆ ದಿನ ಮತ್ತು ಆಮೇಲಿನ ದಿನಗಳು

ಸೂಜಿಯಿಲ್ಲ, ಹೊಲಿಗೆಯಿಲ್ಲ; ಮರಗಟ್ಟಿಸುವ ಹನಿ ಮಾತ್ರ. ಲ್ಯಾಸಿಕ್‌ನಲ್ಲಿ ಕಣ್ಣನ್ನು ಹಿಡಿದಿಡುವ ಉಂಗುರ ಒತ್ತಿದಾಗ ಕೆಲವು ಸೆಕೆಂಡು ಕತ್ತಲಾಗಬಹುದು, ಸುಟ್ಟಂಥ ವಾಸನೆ ಬರಬಹುದು, ಎರಡೂ ಸಹಜ. ಎರಡೂ ಕಣ್ಣಿಗೆ ಸೇರಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅಂದು ಮುಖಕ್ಕೆ ಪೌಡರ್, ಅತ್ತರು ಬೇಡ.

ಮನೆಗೆ ಬಂದ ಮೇಲೆ ಕಣ್ಣು ಉಜ್ಜದಿರುವುದೇ ಅತಿ ಮುಖ್ಯ ನಿಯಮ; ನಿದ್ದೆಯಲ್ಲಿ ಕೈ ಹೋಗದಂತೆ ಕೊಟ್ಟ ಕವಚವನ್ನು ಕಟ್ಟಿಕೊಳ್ಳಬೇಕು. ನಂದಿಬಟ್ಟಲು ಹೂವಿನ ರಸ, ಜೇನು, ಎದೆಹಾಲು ಯಾವುದನ್ನೂ ಯಾರು ಹೇಳಿದರೂ ಹಾಕಬಾರದು. ಸ್ಟಿರಾಯ್ಡ್ ಡ್ರಾಪ್ಸನ್ನು ಹೇಳಿದಷ್ಟು ದಿನ ಹಾಕಿ, ಹೇಳಿದ ದಿನ ನಿಲ್ಲಿಸಬೇಕು. ಆರಾಮವೆನಿಸುತ್ತದೆಂದು ಮೆಡಿಕಲ್ ಶಾಪಿನಿಂದ ಮತ್ತೆಮತ್ತೆ ತಂದು ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ದೃಷ್ಟಿನರಕ್ಕೆ ಹಾನಿಯಾಗುತ್ತದೆ, ಅದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ನೋವು ಇಳಿಯುವ ಬದಲು ಏರಿದರೆ, ದೃಷ್ಟಿ ಹಠಾತ್ತನೆ ಮಂಜಾದರೆ, ಕೀವು ಬಂದರೆ, ಏಟು ಬಿದ್ದರೆ ಅದೇ ದಿನ ಹೋಗಬೇಕು. ಮಿಂಚು ಹೊಡೆದಂತಾಗುವುದು, ಕಪ್ಪು ಚುಕ್ಕೆಗಳ ಮಳೆ, ಒಂದು ಬದಿಯಿಂದ ಪರದೆ ಇಳಿದಂತಾಗುವುದು ರೆಟಿನಾದ ಸೂಚನೆಗಳು. ಎಷ್ಟು ವರ್ಷದ ನಂತರ ಕಂಡರೂ ತಡಮಾಡಬಾರದು. ಮಂಗಳೂರಿನಲ್ಲಿ ಮಾಡಿಸಿದವರು ರಾತ್ರಿ ಹೊತ್ತು ಫೋನಿಗೆ ಸಿಗುವ ಸಂಖ್ಯೆಯನ್ನು ಬಿಡುಗಡೆಗೆ ಮೊದಲೇ ಕೇಳಿ ಪಡೆಯಬೇಕು, ಮತ್ತು ತಲಪಾಡಿಯ ರಾಜ್ಯಗಡಿಯಾಚೆ ಹೋಗಲಾಗದ ಸಂದರ್ಭಕ್ಕೆ ಹತ್ತಿರದ ಕಣ್ಣಿನ ವೈದ್ಯರೊಬ್ಬರಿಗೆ ವಿಷಯ ತಿಳಿಸಿಟ್ಟಿರಬೇಕು.

ಬಿಡುಗಡೆಯ ದಿನ ಶಸ್ತ್ರಚಿಕಿತ್ಸೆಗೆ ಮುಂಚಿನ ಪವರ್, ಕಾರ್ನಿಯಾದ ವಕ್ರತೆ, ದಪ್ಪ, ಟೋಪೋಗ್ರಫಿ ನಕ್ಷೆ, ತೆಗೆದ ಅಂಶದ ಅಳತೆ ಇವೆಲ್ಲ ಇರುವ ದಾಖಲೆಯ ಪ್ರತಿಯನ್ನು ಕೇಳಿ ಪಡೆಯಿರಿ. ಅರವತ್ತರ ವಯಸ್ಸಿನಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯಾಗುವಾಗ ಒಳಗಿಡುವ ಲೆನ್ಸಿನ ಪವರನ್ನು ಲೆಕ್ಕ ಹಾಕಲು ಆ ವೈದ್ಯರಿಗೆ ಇವು ನೆರವಾಗುತ್ತವೆ, ಏಕೆಂದರೆ ಲೇಸರ್ ಆದ ಕಾರ್ನಿಯಾದ ಮೇಲೆ ಸಾಮಾನ್ಯ ಸೂತ್ರಗಳು ತಪ್ಪುತ್ತವೆ. ತೆಳುವಾದ ಕಾರ್ನಿಯಾದಲ್ಲಿ ಕಣ್ಣಿನ ಒತ್ತಡವೂ ಇರುವುದಕ್ಕಿಂತ ಕಡಿಮೆ ತೋರಿಸುವುದರಿಂದ ಗ್ಲಾಕೋಮಾ ಪರೀಕ್ಷಿಸುವವರಿಗೂ ಲೇಸರ್ ಆಗಿರುವ ವಿಷಯ ಗೊತ್ತಿರಬೇಕು. ಒಂದು ಪ್ರತಿ ಮನೆಯ ಕಡತದಲ್ಲಿರಲಿ, ಇನ್ನೊಂದನ್ನು ಫೋನಿನಲ್ಲಿ ಚಿತ್ರ ತೆಗೆದು ಮನೆಯ ಮತ್ತೊಬ್ಬರಿಗೂ ಕಳುಹಿಸಿಡಿ.